ಭಯ ಮೊದಲೋ, ಎದೆಬಡಿತ ಮೊದಲೋ? ವಿಲಿಯಂ ಜೇಮ್ಸ್ ಬದುಕಿನ ಪ್ರಶ್ನೆ

ಬೊಮ್ಮಸಂದ್ರ, ಜಿಗಣಿ, ಅತ್ತಿಬೆಲೆಯ ಕಾರ್ಖಾನೆಗಳಲ್ಲಿ ಪಾಳಿ ಕೆಲಸ ಮಾಡುವವರಿರಲಿ, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕಂಪ್ಯೂಟರ್ ಮುಂದೆ ಕೂರುವವರಿರಲಿ, ಈ ಅನುಭವ ಯಾರಿಗಾದರೂ ಆಗಬಹುದು. ಇದ್ದಕ್ಕಿದ್ದಂತೆ ಎದೆ ಡವಡವ ಹೊಡೆದುಕೊಳ್ಳುತ್ತದೆ. ಎಷ್ಟು ಉಸಿರೆಳೆದರೂ ಸಾಲದು ಅನ್ನಿಸುತ್ತದೆ. ಅಂಗೈ ಬೆವರುತ್ತದೆ, ಬೆರಳ ತುದಿ ಜೋಮು ಹಿಡಿಯುತ್ತದೆ, ಈಗಲೇ ಜೀವ ಹೋಗುತ್ತದೆ ಎಂಬ ದಿಗಿಲು ಹತ್ತುತ್ತದೆ. ಆಸ್ಪತ್ರೆಗೆ ಓಡಿ ಇಸಿಜಿ ಮಾಡಿಸಿದರೆ ಹೃದಯ ಸರಿಯಾಗಿಯೇ ಇರುತ್ತದೆ. ಆಮೇಲೆ ಶುರುವಾಗುತ್ತವೆ ಸಲಹೆಗಳು: ಗ್ಯಾಸ್ ಇರಬೇಕು, ಯಾವುದೋ ಗಾಳಿ ಸೋಕಿರಬೇಕು, ತಾಯತ ಕಟ್ಟಿಸು, ಏನೂ ಇಲ್ಲ ಬಿಡು, ಎಲ್ಲ ನಿನ್ನ ಮನಸ್ಸಿನಲ್ಲಿದೆ.

ಎಲ್ಲ ಮನಸ್ಸಿನಲ್ಲಿದೆ ಎನ್ನುವವರು ಸಾಮಾನ್ಯವಾಗಿ ಎರಡು ನಂಬಿಕೆ ಇಟ್ಟುಕೊಂಡಿರುತ್ತಾರೆ. ಮನಸ್ಸು ಬೇರೆ, ದೇಹ ಬೇರೆ ಎನ್ನುವುದು ಒಂದು. ಮನಸ್ಸಿನದ್ದಾದರೆ ಅದು ನಿಜವಾದ ಕಾಯಿಲೆಯೇ ಅಲ್ಲ ಎನ್ನುವುದು ಇನ್ನೊಂದು. ಈ ಎರಡನ್ನೂ ನೂರಮೂವತ್ತು ವರ್ಷಗಳಿಗೂ ಹಿಂದೆಯೇ ಕೆದಕಿ ನೋಡಿದವರು ಅಮೆರಿಕದ ವಿಲಿಯಂ ಜೇಮ್ಸ್. ಅವರನ್ನು ಆಧುನಿಕ ಮನೋವಿಜ್ಞಾನದ ಹಿರಿಯರಲ್ಲಿ ಒಬ್ಬರೆಂದು ಎಲ್ಲ ಪಠ್ಯಪುಸ್ತಕಗಳೂ ಹೇಳುತ್ತವೆ. ಪಠ್ಯಪುಸ್ತಕಗಳು ಅಷ್ಟಾಗಿ ಹೇಳದ ಸಂಗತಿ ಬೇರೆ ಇದೆ. ಅವರು ಯೌವನದಲ್ಲಿ ಯಾವ ಹೃದ್ರೋಗವೂ ಇಲ್ಲದೆ ದಿಗಿಲಿಗೆ ಬಿದ್ದು ನಲುಗಿದವರು. ಮುಪ್ಪಿನಲ್ಲಿ ನಿಜವಾದ ಹೃದ್ರೋಗದಿಂದ ತೀರಿಕೊಂಡವರು. ಭಾವನೆ ಎಂದರೇನು ಎಂಬ ಪ್ರಶ್ನೆ ಅವರಿಗೆ ಬರೀ ಪುಸ್ತಕದ ಪ್ರಶ್ನೆಯಾಗಿರಲಿಲ್ಲ.

ಸಿರಿವಂತರ ಮನೆ, ಊರೂರು ಅಲೆದ ಬಾಲ್ಯ

ಜೇಮ್ಸ್ ಹುಟ್ಟಿದ್ದು 1842ರ ಜನವರಿ 11ರಂದು, ನ್ಯೂಯಾರ್ಕಿನಲ್ಲಿ. ಅಜ್ಜ ಐರ್ಲೆಂಡಿನಿಂದ ಬಂದು ವ್ಯಾಪಾರದಲ್ಲಿ ಅಪಾರ ಆಸ್ತಿ ಮಾಡಿದ್ದರು. ಹಾಗಾಗಿ ತಂದೆ ಹೆನ್ರಿ ಜೇಮ್ಸ್ ಸೀನಿಯರ್ ದುಡಿಯಲೇಬೇಕಾದ ಸ್ಥಿತಿ ಇರಲಿಲ್ಲ. ಅವರು ಹುಡುಗನಾಗಿದ್ದಾಗ ಬೆಂಕಿ ಆರಿಸಲು ಹೋಗಿ ಕಾಲು ಸುಟ್ಟುಕೊಂಡಿದ್ದರು, ಆ ಕಾಲನ್ನು ಕತ್ತರಿಸಬೇಕಾಯಿತು. ಬದುಕಿಡೀ ಧರ್ಮ, ದೇವರು, ಸಮಾಜ ಎಂದು ಓದುತ್ತ ಬರೆಯುತ್ತ ಕಳೆದರು.

1844ರಲ್ಲಿ ಸಂಸಾರ ಇಂಗ್ಲೆಂಡಿನ ವಿಂಡ್ಸರ್‌ನಲ್ಲಿದ್ದಾಗ ತಂದೆಗೆ ಒಂದು ವಿಚಿತ್ರ ಅನುಭವವಾಯಿತು. ಊಟ ಮುಗಿಸಿ ಮೇಜಿನ ಬಳಿ ಒಬ್ಬರೇ ಕೂತಿದ್ದವರಿಗೆ ಯಾವ ಕಾರಣವೂ ಇಲ್ಲದೆ ಭಯಂಕರ ದಿಗಿಲು ಕವಿಯಿತು. ಅದರಿಂದ ಚೇತರಿಸಿಕೊಳ್ಳಲು ಅವರಿಗೆ ಬಹಳ ಕಾಲವೇ ಹಿಡಿಯಿತು. ಆಗ ವಿಲಿಯಂಗೆ ಎರಡು ವರ್ಷ. ಅದೇ ಬಗೆಯ ದಿಗಿಲು ಮುಂದೆ ಮಗನನ್ನೂ ಹಿಡಿಯಲಿತ್ತು.

ಐವರು ಮಕ್ಕಳಲ್ಲಿ ವಿಲಿಯಂ ಹಿರಿಯ. ಒಂದು ವರ್ಷ ಚಿಕ್ಕವರಾದ ಹೆನ್ರಿ ಮುಂದೆ ಇಂಗ್ಲಿಷಿನ ದೊಡ್ಡ ಕಾದಂಬರಿಕಾರರಾದರು. ತಂಗಿ ಆಲಿಸ್ ಬರೆದ ದಿನಚರಿಯೂ ಪ್ರಸಿದ್ಧ. ಮಕ್ಕಳ ಓದಿನ ವಿಷಯದಲ್ಲಿ ತಂದೆಗೆ ಯಾವ ಶಾಲೆಯೂ ಸರಿಬರುತ್ತಿರಲಿಲ್ಲ. ನ್ಯೂಯಾರ್ಕ್, ಲಂಡನ್, ಪ್ಯಾರಿಸ್, ಜಿನೀವಾ, ಬಾನ್ ಎಂದು ಊರಿಂದೂರಿಗೆ ಸಂಸಾರ ಅಲೆಯಿತು. ವಿಲಿಯಂಗೆ ಹಲವು ಭಾಷೆ ಬಂತು, ಚಿತ್ರ ಬಿಡಿಸುವುದು ಬಂತು. ಏನಾಗಬೇಕು ಎಂಬುದು ಮಾತ್ರ ತಿಳಿಯಲಿಲ್ಲ. ಸ್ವಲ್ಪ ಕಾಲ ವಿಲಿಯಂ ಮಾರಿಸ್ ಹಂಟ್ ಎಂಬ ಕಲಾವಿದರ ಬಳಿ ಚಿತ್ರಕಲೆ ಕಲಿತರು. 1861ರಲ್ಲಿ ಅದನ್ನು ಬಿಟ್ಟು ಹಾರ್ವರ್ಡ್‌ನಲ್ಲಿ ರಸಾಯನ ವಿಜ್ಞಾನಕ್ಕೆ ಸೇರಿದರು. 1864ರಲ್ಲಿ ಅದನ್ನೂ ಬಿಟ್ಟು ವೈದ್ಯಕೀಯಕ್ಕೆ ಬಂದರು.

ಡಾಕ್ಟರ್ ಪದವಿ, ರೋಗಿಯ ಬದುಕು

ವೈದ್ಯಕೀಯ ಓದುತ್ತಿದ್ದಾಗಲೇ, 1865ರಲ್ಲಿ, ಲೂಯಿ ಅಗಾಸಿ ಎಂಬ ಪ್ರಾಣಿವಿಜ್ಞಾನಿಯ ತಂಡದೊಂದಿಗೆ ಬ್ರೆಜಿಲ್‌ಗೆ, ಅಮೆಜಾನ್ ನದಿಯ ಕಡೆಗೆ ಹೋದರು. ಅಲ್ಲಿ ಸಿಡುಬಿನ ಸೌಮ್ಯ ರೂಪ ತಗುಲಿತು, ಕಣ್ಣಿಗೆ ತೊಂದರೆಯಾಯಿತು. ಮೀನು ಹಿಡಿದು ವಿಂಗಡಿಸುವ ಕೆಲಸ ತನ್ನದಲ್ಲ ಎಂಬುದೂ ಖಾತ್ರಿಯಾಯಿತು. ವಾಪಸಾದ ಮೇಲೆ ಬೆನ್ನುನೋವು, ನಿದ್ರೆ ಬಾರದಿರುವುದು, ಅಜೀರ್ಣ, ಯಾವುದರಲ್ಲೂ ಮನಸ್ಸು ನಿಲ್ಲದಿರುವುದು ಎಲ್ಲ ಒಟ್ಟೊಟ್ಟಿಗೆ ಬಂದವು. 1867ರಲ್ಲಿ ಜರ್ಮನಿಗೆ ಹೋಗಿ ಬಿಸಿನೀರಿನ ಬುಗ್ಗೆಗಳಲ್ಲಿ ಮಿಂದರೂ ಗುಣ ಕಾಣಲಿಲ್ಲ. ಆತ್ಮಹತ್ಯೆಯ ಯೋಚನೆಗಳು ಬರುತ್ತಿದ್ದವು ಎಂಬುದು ಅವರ ಪತ್ರಗಳಿಂದ ತಿಳಿಯುತ್ತದೆ. ಆದರೆ ಅದೇ ಜರ್ಮನಿಯಲ್ಲಿ ಅವರ ಕಣ್ಣಿಗೆ ಬಿದ್ದದ್ದು ಹೊಸದೊಂದು ವಿದ್ಯೆ: ನರಗಳ ಕೆಲಸವನ್ನು ಅಳೆದು, ಅದರ ಮೂಲಕ ಮನಸ್ಸನ್ನು ಅರಿಯುವ ಪ್ರಯತ್ನ.

1869ರಲ್ಲಿ ವೈದ್ಯಕೀಯ ಪದವಿ ಕೈಗೆ ಬಂತು. ವೈದ್ಯವೃತ್ತಿಯನ್ನು ಅವರು ಒಂದು ದಿನವೂ ಮಾಡಲಿಲ್ಲ. 27 ವರ್ಷದ ಡಾಕ್ಟರ್ ತಂದೆತಾಯಿಯ ಮನೆಯಲ್ಲಿ ರೋಗಿಯಾಗಿ ಉಳಿದರು. 1870ರ ಮಾರ್ಚ್‌ನಲ್ಲಿ, ತುಂಬ ಹಚ್ಚಿಕೊಂಡಿದ್ದ ಸೋದರಸಂಬಂಧಿ ಮಿನ್ನಿ ಟೆಂಪಲ್ ಕ್ಷಯದಿಂದ ತೀರಿಕೊಂಡಳು.

ಈ ವರ್ಷಗಳಲ್ಲೇ ಎಲ್ಲೋ ಆ ಘಟನೆ ನಡೆಯಿತು. ಒಂದು ಸಂಜೆ ಮಬ್ಬುಗತ್ತಲಲ್ಲಿ ಏನೋ ತರಲು ಬಟ್ಟೆ ಕೋಣೆಗೆ ಹೋದರು. ಅಲ್ಲಿ, ಕತ್ತಲೊಳಗಿಂದಲೇ ಎದ್ದು ಬಂದಂತೆ, ತಾನು ಇದ್ದೇನೆ ಎಂಬುದರ ಬಗ್ಗೆಯೇ ಭೀಕರ ಭಯ ಹುಟ್ಟಿತು. ಅದೇ ಹೊತ್ತಿಗೆ ಹುಚ್ಚಾಸ್ಪತ್ರೆಯೊಂದರಲ್ಲಿ ಕಂಡಿದ್ದ ಮೂರ್ಛೆರೋಗದ ಯುವಕನೊಬ್ಬನ ಚಿತ್ರ ಕಣ್ಣೆದುರು ಬಂತು. ಮಂಡಿ ಮಡಿಸಿ, ಗೋಡೆಗೊರಗಿ, ದಿನವಿಡೀ ಕದಲದೆ ಕೂರುತ್ತಿದ್ದವನು. ನನಗೂ ಇದೇ ಗತಿ ಬರಬಹುದು, ತಡೆಯುವಂಥದ್ದು ನನ್ನ ಬಳಿ ಏನೂ ಇಲ್ಲ ಎನ್ನಿಸಿತು. ಅಲ್ಲಿಂದ ಮುಂದೆ ದಿನಾ ಬೆಳಿಗ್ಗೆ ಹೊಟ್ಟೆಯಾಳದಲ್ಲಿ ದಿಗಿಲು ಇಟ್ಟುಕೊಂಡೇ ಏಳುತ್ತಿದ್ದರು. ತಿಂಗಳುಗಟ್ಟಲೆ ಕತ್ತಲಲ್ಲಿ ಒಬ್ಬರೇ ಹೋಗಲಾಗಲಿಲ್ಲ. ಮನೆಯಲ್ಲಿದ್ದ ತಾಯಿಗೆ ಇದರ ಸುಳಿವೂ ಹತ್ತಲಿಲ್ಲ.

ಮುಂದೆ 1902ರಲ್ಲಿ ಅವರು ಇದನ್ನು ಬರೆದಾಗ, ಫ್ರೆಂಚ್ ವ್ಯಕ್ತಿಯೊಬ್ಬ ಕಳಿಸಿದ ಪತ್ರವೆಂದು ತೋರಿಸಿ ಪುಸ್ತಕದೊಳಗೆ ಸೇರಿಸಿದರು. ಆ ಪುಸ್ತಕವನ್ನು ಫ್ರೆಂಚಿಗೆ ಅನುವಾದಿಸಿದವರು ಮೂಲ ಪತ್ರ ಕೇಳಿದಾಗ, ಅದು ತನ್ನದೇ ಅನುಭವವೆಂದು ಒಪ್ಪಿಕೊಳ್ಳಬೇಕಾಯಿತು. ಅಷ್ಟು ದೊಡ್ಡ ಹೆಸರಿದ್ದ ಪ್ರಾಧ್ಯಾಪಕರಿಗೂ ಇದನ್ನು ತನ್ನದೆಂದು ಹೇಳಿಕೊಳ್ಳಲು ಸಂಕೋಚ ಬಿಡಲಿಲ್ಲ. ಇಂದು ಪ್ಯಾನಿಕ್ ಅಟ್ಯಾಕ್ ಆದವರು ಅದನ್ನು ಗ್ಯಾಸ್ ಎಂದೇ ಹೇಳಿಕೊಂಡು ತಿರುಗುವುದರಲ್ಲಿ ಆಶ್ಚರ್ಯವಿಲ್ಲ.

ಒಂದು ನಿರ್ಧಾರ, ಅದರ ಸುತ್ತ ಬೆಳೆದ ಕಥೆ

1870ರ ಏಪ್ರಿಲ್ 30ರಂದು ಜೇಮ್ಸ್ ದಿನಚರಿಯಲ್ಲಿ ಒಂದು ನಿರ್ಧಾರ ಬರೆದುಕೊಂಡರು. ಫ್ರೆಂಚ್ ತತ್ವಜ್ಞಾನಿ ಶಾರ್ಲ್ ರನುವಿಯೆ ಅವರ ಪ್ರಬಂಧ ಓದಿದ್ದರು. ಮನುಷ್ಯನಿಗೆ ತನ್ನ ಯೋಚನೆಯನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ಇದೆ ಎಂದು ಅದು ವಾದಿಸಿತ್ತು. ಸದ್ಯಕ್ಕೆ ಅದನ್ನೇ ನಂಬಿ ನಡೆಯುತ್ತೇನೆ, ಆ ಸ್ವಾತಂತ್ರ್ಯದ ಮೊದಲ ಕೆಲಸವೇ ಅದನ್ನು ನಂಬುವುದು ಎಂದು ತೀರ್ಮಾನಿಸಿದರು.

ಪ್ರೇರಣೆಯ ಭಾಷಣಗಳಲ್ಲಿ ಈ ಪ್ರಸಂಗ ಆಗಾಗ ಕೇಳಿಬರುತ್ತದೆ. ಒಂದು ಗಟ್ಟಿ ನಿರ್ಧಾರ ಮಾಡಿದರು, ಖಿನ್ನತೆ ಓಡಿಹೋಯಿತು ಎಂಬಂತೆ ಹೇಳುತ್ತಾರೆ. ನಡೆದದ್ದು ಹಾಗಲ್ಲ. ಆ ದಿನದ ನಂತರವೂ ವರ್ಷಗಳ ಕಾಲ ಏರಿಳಿತ ಇದ್ದೇ ಇತ್ತು. ನಿಧಾನಕ್ಕೆ ಕೈಹಿಡಿದದ್ದು ಬೇರೆ ಬೇರೆ ಸಂಗತಿಗಳು. 1873ರ ಆರಂಭದಿಂದ ಹಾರ್ವರ್ಡ್‌ನಲ್ಲಿ ಶರೀರಕ್ರಿಯೆಯ ಪಾಠ ಹೇಳುವ ಕೆಲಸ ಸಿಕ್ಕಿತು. ದಿನವೂ ಎದ್ದು ಹೋಗಲೇಬೇಕಾದ ತರಗತಿ, ಎದುರಿಗೆ ಕಾಯುವ ವಿದ್ಯಾರ್ಥಿಗಳು ಇದ್ದರು. 1878ರಲ್ಲಿ ಆಲಿಸ್ ಗಿಬ್ಬೆನ್ಸ್ ಅವರನ್ನು ಮದುವೆಯಾದರು. ಇಷ್ಟೆಲ್ಲ ಆದ ಮೇಲೂ ಬದುಕಿನುದ್ದಕ್ಕೂ ಮನಸ್ಸು ಕುಗ್ಗುವ ದಿನಗಳು ಬಂದುಹೋಗುತ್ತಲೇ ಇದ್ದವು.

1875ರಲ್ಲಿ ಜೇಮ್ಸ್ ಶರೀರಕ್ರಿಯೆ ಮತ್ತು ಮನೋವಿಜ್ಞಾನದ ಸಂಬಂಧದ ಬಗ್ಗೆ ಪಾಠ ಶುರು ಮಾಡಿದರು. ಅಮೆರಿಕದಲ್ಲಿ ಹೊಸ ಮನೋವಿಜ್ಞಾನದ ಮೊದಲ ತರಗತಿಗಳಲ್ಲಿ ಅದೂ ಒಂದು. ನಮ್ಮಲ್ಲಿ, ಮೈಸೂರಿನ ಮಹಾರಾಜ ಕಾಲೇಜಿನಲ್ಲಿ, ಮನೋವಿಜ್ಞಾನ ವಿಭಾಗ ಶುರುವಾದದ್ದು 1924ರಲ್ಲಿ. ಅದನ್ನು ಕಟ್ಟಿದವರು ಎಂ. ವಿ. ಗೋಪಾಲಸ್ವಾಮಿ, ಮುಂದೆ ಮೈಸೂರಿನಲ್ಲಿ ‘ಆಕಾಶವಾಣಿ’ ಆರಂಭಿಸಿದ ಅದೇ ಪ್ರಾಧ್ಯಾಪಕರು.

ಕರಡಿ ಕಂಡು ಓಡುವುದು

1884ರಲ್ಲಿ ‘ಮೈಂಡ್’ ಎಂಬ ಪತ್ರಿಕೆಯಲ್ಲಿ ಜೇಮ್ಸ್ ಒಂದು ಲೇಖನ ಬರೆದರು. ಭಾವನೆ ಎಂದರೇನು ಎಂಬುದೇ ಅದರ ತಲೆಬರಹ. ಸಾಮಾನ್ಯವಾಗಿ ನಾವು ಹೇಗೆ ಯೋಚಿಸುತ್ತೇವೆ? ಕಾಡಿನಲ್ಲಿ ಕರಡಿ ಕಾಣುತ್ತದೆ, ಭಯವಾಗುತ್ತದೆ, ಭಯವಾದ್ದರಿಂದ ಎದೆ ಬಡಿದುಕೊಳ್ಳುತ್ತದೆ, ಓಡುತ್ತೇವೆ. ಜೇಮ್ಸ್ ಈ ಸರಪಳಿಯನ್ನು ತಿರುಗಿಸಿದರು. ಕರಡಿ ಕಂಡ ತಕ್ಷಣ ದೇಹ ತಾನಾಗಿ ಬದಲಾಗುತ್ತದೆ: ಎದೆಬಡಿತ, ಉಸಿರು, ನಡುಕ, ಓಟ. ಆ ಬದಲಾವಣೆಗಳು ನಮ್ಮ ಅರಿವಿಗೆ ಬರುತ್ತವಲ್ಲ, ಅದನ್ನೇ ನಾವು ಭಯ ಎನ್ನುತ್ತೇವೆ. ಭಯದಿಂದ ಎದೆಬಡಿತವನ್ನೂ ನಡುಕವನ್ನೂ ಉಸಿರಿನ ಏರಿಳಿತವನ್ನೂ ಕಳೆದುಬಿಟ್ಟರೆ ಉಳಿಯುವುದು ಏನು ಎಂಬುದು ಅವರ ಪ್ರಶ್ನೆ. ಬರೀ ಒಂದು ತಣ್ಣನೆಯ ತಿಳಿವಳಿಕೆ ಉಳಿಯುತ್ತದೆ, ಭಾವನೆ ಉಳಿಯುವುದಿಲ್ಲ ಎಂದು ಅವರ ವಾದ. ಮರುವರ್ಷವೇ ಡೆನ್ಮಾರ್ಕಿನ ವೈದ್ಯ ಕಾರ್ಲ್ ಲಾಂಗೆ, ಜೇಮ್ಸ್ ಬರೆದದ್ದು ತಿಳಿಯದೆಯೇ, ರಕ್ತನಾಳಗಳ ಬದಲಾವಣೆಯನ್ನು ಮುಂದಿಟ್ಟು ಇಂಥದ್ದೇ ಮಾತು ಹೇಳಿದರು. ಹಾಗಾಗಿ ಇದಕ್ಕೆ ಜೇಮ್ಸ್–ಲಾಂಗೆ ಸಿದ್ಧಾಂತ ಎಂಬ ಹೆಸರು ಬಂತು.

ಕನ್ನಡ ಆಡುವವರಿಗೆ ಇದು ತೀರ ಹೊಸದೆನ್ನಿಸಬೇಕಿಲ್ಲ. ಅಸೂಯೆಗೆ ನಾವು ಹೊಟ್ಟೆಕಿಚ್ಚು ಎನ್ನುತ್ತೇವೆ. ಕನಿಕರವಾದರೆ ಕರುಳು ಚುರುಕ್ ಎನ್ನುತ್ತದೆ. ಗಾಬರಿಯಾದರೆ ಎದೆ ಝಲ್ ಎನ್ನುತ್ತದೆ, ಕೈಕಾಲು ತಣ್ಣಗಾಗುತ್ತದೆ. ದುಃಖಕ್ಕೆ ಗಂಟಲು ಕಟ್ಟುತ್ತದೆ, ಸಿಟ್ಟಿಗೆ ಮೈ ಉರಿಯುತ್ತದೆ. ಮಾತು ಹೀಗಿರುವುದು ಸಿದ್ಧಾಂತಕ್ಕೆ ಸಾಕ್ಷಿಯಲ್ಲ. ಆದರೂ ಭಾವನೆಯ ವಿಳಾಸ ದೇಹದಲ್ಲೇ ಇದೆ ಎಂಬುದನ್ನು ನಮ್ಮ ದಿನನಿತ್ಯದ ಮಾತು ಎಂದೋ ಗುರುತಿಸಿಕೊಂಡಿದೆ.

ಲೇಖನ ಬಂದ ವರ್ಷವೇ ಜೇಮ್ಸ್ ದಂಪತಿಗೆ ಹರ್ಮನ್ ಎಂಬ ಮಗ ಹುಟ್ಟಿದ್ದ. 1885ರ ಜುಲೈನಲ್ಲಿ, ಒಂದೂವರೆ ವರ್ಷದ ಮಗು ನಾಯಿಕೆಮ್ಮು, ನ್ಯುಮೋನಿಯಾದಿಂದ ತೀರಿಹೋಯಿತು. ಅದೇ ವರ್ಷ ಅವರು ಬಾಸ್ಟನ್ನಿನ ಲಿಯೊನೊರಾ ಪೈಪರ್ ಎಂಬ, ಸತ್ತವರೊಡನೆ ಮಾತಾಡುತ್ತೇನೆ ಎನ್ನುತ್ತಿದ್ದ ಮಹಿಳೆಯ ಬಳಿಗೆ ಹೋದರು. ಮುಂದೆ ವರ್ಷಗಟ್ಟಲೆ ಇಂಥ ಸಂಗತಿಗಳನ್ನು ಪರೀಕ್ಷಿಸುತ್ತ ಕಳೆದರು. ಸಹೋದ್ಯೋಗಿಗಳು ಇದಕ್ಕಾಗಿ ಅವರನ್ನು ಟೀಕಿಸಿದರು, ಆ ಹುಡುಕಾಟದಿಂದ ವಿಜ್ಞಾನ ಒಪ್ಪುವಂಥ ಪುರಾವೆಯೇನೂ ಸಿಗಲೂ ಇಲ್ಲ. ಅವರ ಬದುಕಿನ ಈ ಭಾಗವನ್ನು ಮುಚ್ಚಿಟ್ಟು ಬರೆದರೆ ಚಿತ್ರ ಅರ್ಧವಾಗುತ್ತದೆ.

ನಗುತ್ತಿದ್ದರೆ ದುಃಖ ಹೋಗುತ್ತದೆಯೇ?

1878ರಲ್ಲಿ ಒಪ್ಪಿಕೊಂಡ ಮನೋವಿಜ್ಞಾನದ ಪುಸ್ತಕವನ್ನು ಎರಡು ವರ್ಷದಲ್ಲಿ ಮುಗಿಸಬೇಕಿತ್ತು. ಅದು ಹೊರಬಂದದ್ದು 1890ರಲ್ಲಿ, ಎರಡು ಸಂಪುಟ, ಸುಮಾರು 1,400 ಪುಟ. ಭಾವನೆಯ ಅಧ್ಯಾಯದಲ್ಲಿ ಅವರು ತನ್ನ ಸಿದ್ಧಾಂತದಿಂದ ಒಂದು ಉಪಾಯ ಹೊರಡಿಸುತ್ತಾರೆ. ಬೇಡದ ಭಾವನೆಯನ್ನು ಗೆಲ್ಲಬೇಕಾದರೆ, ಬೇಕಾದ ಭಾವನೆಯ ಹೊರಗಿನ ಚಲನೆಗಳನ್ನು ಪಟ್ಟುಹಿಡಿದು ಅಭ್ಯಾಸ ಮಾಡಬೇಕು. ಬೆನ್ನು ನೆಟ್ಟಗೆ ಮಾಡಿ, ದನಿ ಏರಿಸಿ, ಗೆಲುವಿನಿಂದ ಮಾತಾಡಿ ನೋಡಬೇಕು.

ಸದಾ ನಗುತ್ತಿರಿ, ಖಿನ್ನತೆ ತಾನೇ ಹೋಗುತ್ತದೆ ಎಂಬ ಇಂದಿನ ವಾಟ್ಸಾಪ್ ಬೋಧನೆಗಳ ದೂರದ ಬೇರು ಇಲ್ಲಿದೆ. ಅದು ಎಷ್ಟು ನಿಜ? 2022ರಲ್ಲಿ 19 ದೇಶಗಳ 3,878 ಜನರ ಮೇಲೆ ನಡೆದ ಅಧ್ಯಯನ ಇದನ್ನು ಪರೀಕ್ಷಿಸಿತು. ನಗುವ ಮುಖಗಳನ್ನು ಅನುಕರಿಸಿದಾಗ, ಮುಖದ ಸ್ನಾಯುಗಳನ್ನು ನಗುವಿನಂತೆ ಎಳೆದಾಗ ಸಂತೋಷ ಒಂದಿಷ್ಟು ಏರಿತು. ಹಲ್ಲಿನ ನಡುವೆ ಪೆನ್ನು ಕಚ್ಚಿ ಹಿಡಿಯುವ ಹಳೆಯ, ಪ್ರಸಿದ್ಧ ವಿಧಾನದಲ್ಲಿ ಸ್ಪಷ್ಟ ಪರಿಣಾಮ ಕಾಣಲಿಲ್ಲ. ಅಂದರೆ ಮುಖದಿಂದ ಮನಸ್ಸಿಗೆ ದಾರಿ ಇದೆ, ಆದರೆ ಅದು ಸಣ್ಣ ಕಾಲುದಾರಿ. ಖಿನ್ನತೆ ಇರುವವರಿಗೆ ಬರೀ ನಗು ಎಂದು ಹೇಳಿ ಕಳಿಸುವುದಕ್ಕೆ ಇದು ಆಧಾರವಾಗುವುದಿಲ್ಲ. ಜೇಮ್ಸ್‌ಗೂ ಈ ತೊಡಕು ಗೊತ್ತಿತ್ತು. ವೇದಿಕೆಯ ಮೇಲೆ ಅಳುವ ನಟರಲ್ಲಿ ಕೆಲವರಿಗೆ ನಿಜವಾಗಿ ದುಃಖವಾಗುತ್ತದೆ, ಕೆಲವರಿಗೆ ಏನೂ ಆಗುವುದಿಲ್ಲ ಎಂಬ ಸಮೀಕ್ಷೆಯೊಂದನ್ನು ಅದೇ ಪುಸ್ತಕದಲ್ಲಿ ಚರ್ಚಿಸಿದ್ದಾರೆ. ದೇಹದ ಒಂದು ತುಣುಕು ಅಲುಗಾಡಿದ್ದರಿಂದಲೇ ಭಾವನೆ ಹುಟ್ಟುವುದಿಲ್ಲ, ಇಡೀ ಸನ್ನಿವೇಶ ಮುಖ್ಯ ಎಂದು 1894ರಲ್ಲಿ ಸ್ಪಷ್ಟಪಡಿಸಿದರು.

ನಿಜವಾಗಿ ಕೆಟ್ಟ ಹೃದಯ

1892ರಲ್ಲಿ ಬೆಂಗಳೂರು, ಮೈಸೂರುಗಳಲ್ಲಿ ತಂಗಿದ್ದ ಸ್ವಾಮಿ ವಿವೇಕಾನಂದರು ಅಮೆರಿಕಕ್ಕೆ ಹೋದ ಮೇಲೆ, 1896ರಲ್ಲಿ ಹಾರ್ವರ್ಡ್‌ನ ತತ್ವಶಾಸ್ತ್ರ ವಿದ್ಯಾರ್ಥಿಗಳ ಮುಂದೆ ಮಾತಾಡಿದರು. ಜೇಮ್ಸ್‌ಗೂ ಅವರಿಗೂ ಪರಿಚಯವಾಯಿತು. ಜೇಮ್ಸ್ ತಮ್ಮ ಬರಹಗಳಲ್ಲಿ ವಿವೇಕಾನಂದರ ವಿಚಾರಗಳನ್ನು ಉಲ್ಲೇಖಿಸಿದ್ದಾರೆ. 1907ರ ಪ್ರಬಂಧವೊಂದರಲ್ಲಿ, ಹಠಯೋಗದ ಅಭ್ಯಾಸದಿಂದ ನರಗಳ ಬಳಲಿಕೆಯಿಂದ ಹೊರಬಂದ ಯುರೋಪಿನ ಗೆಳೆಯರೊಬ್ಬರ ಅನುಭವವನ್ನು ವಿವರವಾಗಿ ಬರೆದರು. ಅದನ್ನು ಪವಾಡ ಎನ್ನಲಿಲ್ಲ, ತಳ್ಳಿಯೂ ಹಾಕಲಿಲ್ಲ. ಉಸಿರು, ಭಂಗಿ, ಶಿಸ್ತು ಇವು ಮನಸ್ಸನ್ನು ಹೇಗೆ ಮುಟ್ಟುತ್ತವೆ ಎಂಬ ಕುತೂಹಲ ಅವರದು.

1898ರ ಬೇಸಿಗೆಯಲ್ಲಿ, 56ನೇ ವಯಸ್ಸಿನಲ್ಲಿ, ಆಡಿರೊಂಡಾಕ್ ಬೆಟ್ಟಗಳಲ್ಲಿ ಅತಿಯಾಗಿ ನಡೆದು ಹೃದಯಕ್ಕೆ ಪೆಟ್ಟು ಮಾಡಿಕೊಂಡರು. ಕವಾಟದ ತೊಂದರೆ ಕಾಣಿಸಿತು, ಎದೆನೋವು ಶುರುವಾಯಿತು. ಎಡಿನ್‌ಬರೋದಲ್ಲಿ ಕೊಡಬೇಕಿದ್ದ ಉಪನ್ಯಾಸಗಳನ್ನು ಮುಂದೂಡಿ ಜರ್ಮನಿಯ ಬಾಡ್ ನೌಹೈಮ್‌ನಲ್ಲಿ ಚಿಕಿತ್ಸೆ ಪಡೆದರು. ಧಾರ್ಮಿಕ ಅನುಭವದ ಬಗೆಗಿನ ಆ ಉಪನ್ಯಾಸಗಳೇ 1902ರಲ್ಲಿ ಪುಸ್ತಕವಾದದ್ದು. ಬಟ್ಟೆ ಕೋಣೆಯ ದಿಗಿಲನ್ನು ಬಚ್ಚಿಟ್ಟದ್ದು ಅದರಲ್ಲಿಯೇ.

1906ರ ಏಪ್ರಿಲ್ 18ರಂದು ಸ್ಯಾನ್ ಫ್ರಾನ್ಸಿಸ್ಕೊ ಭೂಕಂಪವಾದಾಗ ಜೇಮ್ಸ್ ಹತ್ತಿರದ ಸ್ಟ್ಯಾನ್‌ಫರ್ಡ್‌ನಲ್ಲಿದ್ದರು. ಬೆಳಗಿನ ಜಾವ ಮಂಚ ಕುಣಿಯುತ್ತಿತ್ತು, ಬೀರು ಉರುಳಿತು. ತನಗೆ ಭಯವಾಗಲಿಲ್ಲ, ಖುಷಿಯೇ ಆಯಿತು ಎಂದು ಆಮೇಲೆ ಬರೆದರು.

ಮನೋರೋಗಿಗಳ ಪರವಾಗಿಯೂ ಅವರು ನಿಂತರು. ಕ್ಲಿಫರ್ಡ್ ಬಿಯರ್ಸ್ ಎಂಬ ಯುವಕ ಆಸ್ಪತ್ರೆಗಳಲ್ಲಿ ತಾನು ಅನುಭವಿಸಿದ ಹಿಂಸೆಯನ್ನು 1908ರಲ್ಲಿ ಪುಸ್ತಕವಾಗಿ ಬರೆದಾಗ, ಜೇಮ್ಸ್ ಅದನ್ನು ಮೆಚ್ಚಿ ಬರೆದ ಪತ್ರ ಪುಸ್ತಕದಲ್ಲೇ ಅಚ್ಚಾಯಿತು. ಬಿಯರ್ಸ್ 1909ರಲ್ಲಿ ಕಟ್ಟಿದ ಮಾನಸಿಕ ಆರೋಗ್ಯ ಸಮಿತಿಯಲ್ಲಿ ಜೇಮ್ಸ್ ಕೂಡ ಇದ್ದರು.

ಅದೇ 1909ರ ಸೆಪ್ಟೆಂಬರ್‌ನಲ್ಲಿ ಸಿಗ್ಮಂಡ್ ಫ್ರಾಯ್ಡ್ ಅಮೆರಿಕದ ಕ್ಲಾರ್ಕ್ ವಿಶ್ವವಿದ್ಯಾಲಯಕ್ಕೆ ಬಂದರು. ಅವರ ಮಾತು ಕೇಳಲು ಜೇಮ್ಸ್ ಹೋದರು. ಇಬ್ಬರೂ ಮಾತಾಡುತ್ತ ನಡೆಯುತ್ತಿದ್ದಾಗ ಜೇಮ್ಸ್ ನಿಂತರು. ಕೈಲಿದ್ದ ಚೀಲವನ್ನು ಫ್ರಾಯ್ಡ್‌ಗೆ ಕೊಟ್ಟು, ಎದೆನೋವು ಬರುವಂತಿದೆ, ನೀವು ಮುಂದೆ ನಡೆಯಿರಿ, ಇದು ಕಳೆದ ಮೇಲೆ ಬಂದು ಸೇರಿಕೊಳ್ಳುತ್ತೇನೆ ಎಂದರು. ಹಾಗೆಯೇ ಬಂದು ಸೇರಿಕೊಂಡರು. ಆ ಹೃದಯವೇ ಮರುವರ್ಷ, 1910ರ ಆಗಸ್ಟ್ 26ರಂದು, ನ್ಯೂ ಹ್ಯಾಂಪ್‌ಶೈರಿನ ಚೊಕೊರುವದಲ್ಲಿ ನಿಂತಿತು. ಸಾವಿನ ಎದುರು ಅಂಥ ನಿರ್ಭಯ ತನಗೂ ಬರಲಿ ಎಂದು ತಾನು ಹಾರೈಸಿಕೊಂಡದ್ದಾಗಿ ಫ್ರಾಯ್ಡ್ ತಮ್ಮ ಆತ್ಮಕಥನದಲ್ಲಿ ನೆನೆದಿದ್ದಾರೆ.

ಈ ಎರಡು ಪ್ರಸಂಗಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಸುಮಾರು 30ರ ವಯಸ್ಸಿನಲ್ಲಿ ಹೃದಯ ಗಟ್ಟಿಯಾಗಿತ್ತು, ಭಯ ತಡೆಯಲಾರದಷ್ಟಿತ್ತು. 67ರಲ್ಲಿ ಹೃದಯ ನಿಜಕ್ಕೂ ಕೈಕೊಡುತ್ತಿತ್ತು, ಮನುಷ್ಯ ಶಾಂತವಾಗಿದ್ದರು. ದೇಹದ ಸುದ್ದಿಯೇ ಭಾವನೆಯಾದರೆ ಇದು ಹೇಗೆ ಸಾಧ್ಯ? ಜೇಮ್ಸ್ ಸಿದ್ಧಾಂತ ಉತ್ತರಿಸಬೇಕಿದ್ದ ಪ್ರಶ್ನೆ ಅವರ ಬದುಕಿನಲ್ಲೇ ಇತ್ತು.

ಹಾರ್ವರ್ಡ್‌ನಿಂದಲೇ ಬಂದ ತಕರಾರು

ಈ ಬಗೆಯ ಪ್ರಶ್ನೆಯನ್ನು ವಿಜ್ಞಾನದ ಭಾಷೆಯಲ್ಲಿ ಎತ್ತಿದವರು ವಾಲ್ಟರ್ ಕ್ಯಾನನ್. ಹಾರ್ವರ್ಡ್‌ನಲ್ಲಿ ಓದಿ, ಅಲ್ಲೇ ಶರೀರಕ್ರಿಯಾ ವಿಜ್ಞಾನಿಯಾದವರು. ಅಪಾಯ ಎದುರಾದಾಗ ಹೋರಾಡಲು ಅಥವಾ ಓಡಲು ದೇಹ ಸಜ್ಜಾಗುವ ಬಗೆಯನ್ನು 1915ರ ಹೊತ್ತಿಗೆ ವಿವರಿಸಿದ್ದರು. 1927ರಲ್ಲಿ ಅವರು ಜೇಮ್ಸ್ ಸಿದ್ಧಾಂತವನ್ನು ನೇರವಾಗಿ ಪ್ರಶ್ನಿಸಿದರು. ಎದೆಬಡಿತ, ಬೆವರು ಭಯದಲ್ಲೂ ಇವೆ, ಸಿಟ್ಟಿನಲ್ಲೂ ಇವೆ, ಜ್ವರದಲ್ಲೂ ಇವೆ. ಹಾಗಿದ್ದ ಮೇಲೆ ಯಾವುದು ಯಾವ ಭಾವನೆ ಎಂದು ದೇಹ ಹೇಗೆ ಹೇಳೀತು? ಒಳಾಂಗಗಳು ಬದಲಾಗುವುದು ನಿಧಾನ, ಭಾವನೆ ಬರುವುದು ತಟ್ಟನೆ. ಅಡ್ರಿನಲಿನ್ ಚುಚ್ಚಿದರೆ ಎದೆ ಬಡಿದುಕೊಳ್ಳುತ್ತದೆ, ಆದರೆ ಹೆಚ್ಚಿನವರಿಗೆ ನಿಜವಾದ ಭಯ ಹುಟ್ಟುವುದಿಲ್ಲ. ಒಳಾಂಗಗಳನ್ನು ಉದ್ರೇಕಿಸುವ ನರಗಳನ್ನು ತೆಗೆದ ಬೆಕ್ಕುಗಳೂ ನಾಯಿ ಕಂಡರೆ ಸಿಟ್ಟಿನಿಂದ ಗುರುಗುಟ್ಟುತ್ತವೆ.

ಇಂದಿನ ನರವಿಜ್ಞಾನ ಇಬ್ಬರ ಮಾತಿನಿಂದಲೂ ಒಂದಿಷ್ಟು ಇಟ್ಟುಕೊಂಡಿದೆ. ಕಿವಿಯ ಒಳಬದಿಗೆ, ಮಿದುಳಿನ ಎರಡೂ ಕಡೆ, ಬಾದಾಮಿ ಗಾತ್ರದ ಅಮಿಗ್ಡಲಾ ಎಂಬ ಭಾಗವಿದೆ. ಹೊರಗಿನ ಅಪಾಯ ಗುರುತಿಸಿ ದೇಹಕ್ಕೆ ಎಚ್ಚರಿಕೆ ಕಳಿಸುವುದರಲ್ಲಿ ಅದರ ಪಾತ್ರ ದೊಡ್ಡದು. ಮಿದುಳಿನ ಮಡಿಕೆಯೊಳಗೆ ಅಡಗಿರುವ ಇನ್ಸುಲಾ ಎಂಬ ಭಾಗ ಎದೆಬಡಿತ, ಉಸಿರು, ಹೊಟ್ಟೆಯ ಸುದ್ದಿಯನ್ನು ತರಿಸಿಕೊಳ್ಳುತ್ತದೆ. ಹಣೆಯ ಹಿಂದಿನ ಮುಂಭಾಗದ ಮಿದುಳು ಆ ಸುದ್ದಿಗೆ ಅರ್ಥ ಹಚ್ಚುವುದರಲ್ಲಿ, ಎಚ್ಚರಿಕೆಯನ್ನು ತಗ್ಗಿಸುವುದರಲ್ಲಿ ಕೈಜೋಡಿಸುತ್ತದೆ.

ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಜೇಮ್ಸ್‌ಗೆ ಬಹಳ ಇಷ್ಟವಾಗುತ್ತಿತ್ತು. ಅಪರೂಪದ ಕಾಯಿಲೆಯಿಂದ ಎರಡೂ ಕಡೆಯ ಅಮಿಗ್ಡಲಾ ಹಾಳಾದ ಮೂವರು ಮಹಿಳೆಯರು ಅದರಲ್ಲಿದ್ದರು. ಅವರಲ್ಲೊಬ್ಬರು ಹಾವು, ಜೇಡ, ಭಯದ ಸಿನಿಮಾ ಯಾವುದಕ್ಕೂ ಹೆದರದವರು ಎಂದೇ ಹೆಸರಾದವರು. ಶೇ 35ರಷ್ಟು ಇಂಗಾಲದ ಡೈಆಕ್ಸೈಡ್ ಇರುವ ಗಾಳಿಯನ್ನು ಒಂದು ಉಸಿರು ಎಳೆದಾಗ ಮೂವರಿಗೂ ಪ್ಯಾನಿಕ್ ಅಟ್ಯಾಕ್ ಆಯಿತು. ಹೊರಗಿನ ಅಪಾಯಕ್ಕೆ ಹುಟ್ಟದ ಭಯ ದೇಹದೊಳಗಿನ ಸುದ್ದಿಗೆ ಹುಟ್ಟಿತು. ಮಿದುಳಿನಲ್ಲಿ ಭಯಕ್ಕೆ ಒಂದೇ ಗುಂಡಿ ಇದೆ, ಅದು ಅಮಿಗ್ಡಲಾ ಎಂಬ ಜನಪ್ರಿಯ ನಂಬಿಕೆಯೂ ಅದರೊಂದಿಗೆ ಸಡಿಲಾಯಿತು.

ಚಿಕಿತ್ಸೆಯ ಕೋಣೆಯಲ್ಲಿ

ಹಾಗಾದರೆ ಈಗಿನ ತಿಳಿವಳಿಕೆಯಲ್ಲಿ ಪ್ಯಾನಿಕ್ ಅಟ್ಯಾಕ್ ಹೇಗೆ ನಡೆಯುತ್ತದೆ? 1986ರಲ್ಲಿ ಬ್ರಿಟನ್ನಿನ ಮನೋವಿಜ್ಞಾನಿ ಡೇವಿಡ್ ಕ್ಲಾರ್ಕ್ ಒಂದು ವಿವರಣೆ ಮುಂದಿಟ್ಟರು. ನಿದ್ರೆಗೆಟ್ಟ ರಾತ್ರಿ ಪಾಳಿ, ಮೇಲಿಂದ ಮೇಲೆ ಕುಡಿದ ಕಾಫಿ, ಏನೋ ಚಿಂತೆ. ಯಾವುದೋ ಕಾರಣಕ್ಕೆ ಎದೆಬಡಿತ ಸ್ವಲ್ಪ ಏರುತ್ತದೆ. ಮನಸ್ಸು ಅದನ್ನು ಹಾರ್ಟ್ ಅಟ್ಯಾಕ್ ಎಂದು ಓದಿಕೊಳ್ಳುತ್ತದೆ. ಹಾಗೆ ಓದಿಕೊಂಡ ಭಯಕ್ಕೆ ಎದೆಬಡಿತ ಇನ್ನಷ್ಟು ಏರುತ್ತದೆ. ಏರಿದ ಬಡಿತ ಮೊದಲ ಅನುಮಾನಕ್ಕೆ ಸಾಕ್ಷಿಯಾಗುತ್ತದೆ. ಕೆಲವೇ ನಿಮಿಷಗಳಲ್ಲಿ ಈ ಸುತ್ತು ಶಿಖರ ಮುಟ್ಟುತ್ತದೆ. ದೇಹದ ಸುದ್ದಿ ಸುಳ್ಳಲ್ಲ, ಬಡಿತ ನಿಜವಾಗಿಯೇ ಏರಿದೆ. ಅದಕ್ಕೆ ಹಚ್ಚಿದ ಅರ್ಥ ತಪ್ಪಾಗಿದೆ. ಏನೂ ಆಗಿಲ್ಲ ಎಂದು ಗದರಿಸಿದರೆ ಆ ವ್ಯಕ್ತಿಗೆ ನಂಬಿಕೆ ಬಾರದಿರುವುದು ಇದಕ್ಕಾಗಿಯೇ.

ಆದ್ದರಿಂದ ಮನೋಚಿಕಿತ್ಸಕರು ದೇಹವನ್ನೂ ಚಿಕಿತ್ಸೆಯೊಳಗೆ ಕರೆದುಕೊಳ್ಳುತ್ತಾರೆ. ಮೊದಲು ಹೃದಯ, ಥೈರಾಯ್ಡ್ ಮುಂತಾದ ಕಾಯಿಲೆಗಳಿಲ್ಲ ಎಂಬುದು ವೈದ್ಯರಿಂದ ಖಚಿತವಾಗಬೇಕು. ಆಮೇಲೆ ರೋಗಿ ಹೆದರುವ ಅನುಭವವನ್ನು ಬೇಕೆಂದೇ, ಸುರಕ್ಷಿತವಾಗಿ ತರಿಸಲಾಗುತ್ತದೆ. ಮೆಟ್ಟಿಲು ಹತ್ತಿ ಇಳಿದು ಎದೆಬಡಿತ ಏರಿಸುವುದು, ತಿರುಗುವ ಕುರ್ಚಿಯಲ್ಲಿ ಸುತ್ತಿ ತಲೆ ತಿರುಗಿಸಿಕೊಳ್ಳುವುದು, ಸಣ್ಣ ಸ್ಟ್ರಾದಲ್ಲಿ ಉಸಿರಾಡುವುದು. ಬಡಿತ ಏರಿತು, ಜೀವ ಹೋಗಲಿಲ್ಲ, ತಾನಾಗಿ ಇಳಿಯಿತು. ಇದು ಮತ್ತೆ ಮತ್ತೆ ನಡೆದಾಗ ಮಿದುಳು ಹೊಸ ಪಾಠ ಕಲಿಯುತ್ತದೆ. ಹಳೆಯ ಭಯದ ನೆನಪು ಅಳಿಯುವುದಿಲ್ಲ. ಮುಂಭಾಗದ ಮಿದುಳಿನ ನೆರವಿನಿಂದ ಅದರ ಮೇಲೆ ಸುರಕ್ಷತೆಯ ನೆನಪೊಂದು ಬೆಳೆಯುತ್ತದೆ. ಭಯ ಕೆಲವೊಮ್ಮೆ ಮರುಕಳಿಸುವುದೂ ಅದಕ್ಕೇ. ಮರುಕಳಿಸಿದರೆ ಚಿಕಿತ್ಸೆ ಸೋತಿತು ಎಂದೇನಲ್ಲ.

ಖಿನ್ನತೆಯಲ್ಲೂ ಕೆಲಸದಿಂದ ಮನಸ್ಸಿಗೆ ಹೋಗುವ ದಾರಿಯೊಂದಿದೆ. ಉತ್ಸಾಹ ಬಂದ ಮೇಲೆ ಎದ್ದೇನು ಎಂದು ಕಾಯದೆ, ಚಿಕಿತ್ಸಕರ ಜೊತೆ ಕೂತು ದಿನದ ಸಣ್ಣಸಣ್ಣ ಕೆಲಸಗಳನ್ನು ಗೊತ್ತುಮಾಡಿಕೊಂಡು ನಡೆಸುವುದು. ಬ್ರಿಟನ್ನಿನಲ್ಲಿ ಖಿನ್ನತೆ ಇದ್ದ 440 ಜನರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಈ ಸರಳ ವಿಧಾನ ಹೆಚ್ಚು ತರಬೇತಿ ಬೇಡುವ ಅರಿವು-ವರ್ತನೆ ಚಿಕಿತ್ಸೆಗಿಂತ ಕಡಿಮೆಯಿಲ್ಲದ ಫಲ ಕೊಟ್ಟಿತು. ಹಾರ್ವರ್ಡ್‌ನ ತರಗತಿ ಜೇಮ್ಸ್‌ಗೆ ಮಾಡಿದ ಉಪಕಾರವೂ ಬಹುಶಃ ಇಂಥದ್ದೇ. ವ್ಯತ್ಯಾಸ ಒಂದೇ: ಅವರಿಗೆ ಜೊತೆಗೆ ಕೂರುವ ಚಿಕಿತ್ಸಕರಿರಲಿಲ್ಲ, ವರ್ಷಗಳೇ ಬೇಕಾದವು. ಖಿನ್ನತೆ ತೀವ್ರವಾಗಿದ್ದರೆ ಔಷಧಿಯೂ ಬೇಕಾಗುತ್ತದೆ, ಅದು ಸೋಲಲ್ಲ.

ಒಂದು ಎಚ್ಚರಿಕೆ ಮಾತ್ರ ಮರೆಯಬಾರದು. ಎದೆನೋವು ಬಂದಾಗ ಅದು ಪ್ಯಾನಿಕ್ ಎಂದು ಮನೆಯಲ್ಲೇ ತೀರ್ಮಾನಿಸಿಕೊಂಡು ಕೂರಬೇಡಿ. ನೋವು ತೋಳಿಗೋ ದವಡೆಗೋ ಹರಡಿದರೆ, ನಡೆದಾಗ ಹೆಚ್ಚಾದರೆ, ಮೊದಲ ಸಲವೇ ಬಂದಿದ್ದರೆ ಮೊದಲು ಆಸ್ಪತ್ರೆ. ಇಸಿಜಿ ಮತ್ತಿತರ ಪರೀಕ್ಷೆ ಸರಿಯಿದ್ದೂ ಅದು ಮರುಕಳಿಸುತ್ತಿದ್ದರೆ ಮುಂದಿನ ಹೆಜ್ಜೆ ಮನೋವೈದ್ಯರು ಅಥವಾ ಮನೋಚಿಕಿತ್ಸಕರು. ಆನೇಕಲ್ ಕಡೆಯವರಿಗೆ ಹೊಸೂರು ರಸ್ತೆಯಲ್ಲೇ ನಿಮ್ಹಾನ್ಸ್ ಇದೆ. 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯಾಗಿ ಶುರುವಾಗಿ, 1974ರಲ್ಲಿ ಸರ್ಕಾರಿ ಮಾನಸಿಕ ಆಸ್ಪತ್ರೆಯೊಡನೆ ಸೇರಿ ಇಂದಿನ ಹೆಸರು ಪಡೆದದ್ದು. ಅಲ್ಲಿಗೆ ಹೋಗಲು ಹಿಂಜರಿಕೆಯಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಆತ್ಮಹತ್ಯೆಯ ಯೋಚನೆ ಬರುತ್ತಿದ್ದರಂತೂ ತಡಮಾಡದೆ ಕರೆ ಮಾಡಿ.

ತಾಯಿಗೂ ಹೇಳದೆ ತಿಂಗಳುಗಟ್ಟಲೆ ಕತ್ತಲಿಗೆ ಹೆದರಿಕೊಂಡು ಕಳೆದ ಯುವ ಡಾಕ್ಟರಿಗೆ ಇಂಥ ಅನುಕೂಲ ಯಾವುದೂ ಇರಲಿಲ್ಲ. ನಿಮ್ಮ ಮನೆಯಲ್ಲಿ, ಹಾಸ್ಟೆಲಿನಲ್ಲಿ, ಕಂಪನಿ ಬಸ್ಸಿನಲ್ಲಿ ಯಾರಾದರೂ ಎದೆ ಡವಡವ ಎನ್ನುತ್ತಿದೆ ಎಂದರೆ, ಏನೂ ಇಲ್ಲ ಬಿಡು ಎನ್ನುವ ಮೊದಲು ಒಂದೆರಡು ನಿಮಿಷ ಕೂತು ಕೇಳಿ.